ಮೂಗಿನ ಲಿಂಫೋಮಾ ಅನುಮಾನ, ಬಯಾಪ್ಸಿಯಲ್ಲಿ ಬರೀ ‘ನೆಕ್ರೋಸಿಸ್’ (ಸತ್ತ ಅಂಗಾಂಶ): ಮುಂದೇನು?

ಪ್ರಶ್ನೆ (ಇಎನ್‌ಟಿ ಪಿಜಿ, ಕಲಬುರಗಿ)
ನಮಸ್ಕಾರ್ರಿ. ಜಪಾನಿನ ರೋಗಿಗಳ ವರದಿಗಳಲ್ಲಿ ಮೂಗಿನ ಎನ್‌ಕೆ/ಟಿ ಲಿಂಫೋಮಾ (ಎನ್‌ಕೆ, ಟಿ ಎಂಬ ಬಿಳಿ ರಕ್ತಕಣಗಳ ಕ್ಯಾನ್ಸರ್) ಹೆಚ್ಚುಕಮ್ಮಿ ಒಂದೇ ಥರ ಕಾಣ್ತದ. ಹೆಚ್ಚಿನವರು ಐವತ್ತರ ಆಸುಪಾಸಿನ ಗಂಡಸರು. ಒಂದು ಹೊಳ್ಳೆ ಕಟ್ತದ, ರಕ್ತ ಬೆರೆತ ಸಿಂಬಳ, ನಾರುವ ಹಕ್ಕಳೆ, ಆಮೇಲೆ ಸೆಪ್ಟಂ (ಹೊಳ್ಳೆಗಳ ನಡುವಿನ ಗೋಡೆ) ಇಲ್ಲವೇ ಅಂಗುಳದಲ್ಲಿ ತೂತು. ನಮ್ಮ ಕಡೆ ಇದೇ ಲಕ್ಷಣಕ್ಕೆ ಮೊದಲು ನೆನಪಾಗೋದು ಮ್ಯೂಕರ್ (ಕಪ್ಪು ಫಂಗಸ್), ಟಿಬಿ, ಕುಷ್ಠ. ಬಯಾಪ್ಸಿಯಲ್ಲಿ ‘ನೆಕ್ರೋಟಿಕ್ ಟಿಶ್ಯೂ, ಮ್ಯಾಲಿಗ್ನನ್ಸಿ ಕಂಡಿಲ್ಲ’ ಅಂತ ಬಂದರೆ ಎರಡನೇ ಸಲ ಎಲ್ಲಿಂದ, ಎಷ್ಟು ತೆಗೀಬೇಕು? ಪ್ಯಾಥಾಲಜಿಗೆ ಏನಂತ ಬರೆದು ಕಳಿಸಬೇಕು?

ಉತ್ತರ 1 (ಇಎನ್‌ಟಿ ಸರ್ಜನ್, ಬೀದರ್)
ಆ ರಿಪೋರ್ಟನ್ನು ನೆಗೆಟಿವ್ ಅಂತ ಓದಬ್ಯಾಡ್ರಿ ಡಾಕ್ಟ್ರೇ. ಈ ಗಡ್ಡೆಯ ಕೋಶಗಳು ರಕ್ತನಾಳದ ಗೋಡೆಯೊಳಗೇ ಹೊಕ್ಕು ಅದನ್ನು ಹಾಳು ಮಾಡ್ತಾವ, ಸುತ್ತಲಿನ ಭಾಗ ರಕ್ತವಿಲ್ಲದೆ ಸಾಯ್ತದ. ಹಂಗಾಗಿ ಮ್ಯಾಲಿನ ಪದರದಲ್ಲಿ ಸಿಗೋದೆಲ್ಲ ಸತ್ತ ಅಂಗಾಂಶ.

ಸಿಟಿ ಮೊದಲೇ ಆಗಿರಲಿ. ಎಂಡೋಸ್ಕೋಪ್ ಹಾಕಿ, ಹಕ್ಕಳೆಯನ್ನು ಸಲೈನ್‌ನಿಂದ ನೆನೆಸಿ ಸಕ್ಷನ್‌ನಲ್ಲಿ ಪೂರಾ ತೆಗೀರಿ. ಮುಟ್ಟಿದರೆ ರಕ್ತ ಒಸರುವ ಅಂಚು ಬರೋ ತನಕ ಹೋಗ್ರಿ. ಅಲ್ಲಿಂದ, ಲೋಳೆಪೊರೆಯ ಕೆಳಗಿನ ಆಳವೂ ಬರೋ ಹಂಗ, 5–6 ತುಣುಕು. ಕತ್ತರಿಸುವ ಫೋರ್ಸೆಪ್ಸೇ ಬೇಕು. ಹಿಡಿದು ಜಗ್ಗಿದರೆ ಲಿಂಫಾಯ್ಡ್ ಕೋಶ ಜಜ್ಜಿಹೋಗಿ ಸ್ಲೈಡಿನಲ್ಲಿ ನೀಲಿ ಗೆರೆ ಅಷ್ಟೇ ಉಳೀತಾವ. ಕಾಟರಿ ಮುಟ್ಟೋದು ತುಣುಕು ತೆಗೆದ ಮ್ಯಾಲೆ.

ಒಂದೆರಡು ತುಣುಕು ಸಲೈನ್‌ನಲ್ಲಿ ಬ್ಯಾರೆ ಕಳಿಸ್ರಿ: ಕೆಒಎಚ್ (ಫಂಗಸ್ ಹುಡುಕುವ ತ್ವರಿತ ಸೂಕ್ಷ್ಮದರ್ಶಕ ಪರೀಕ್ಷೆ), ಫಂಗಲ್ ಕಲ್ಚರ್, ಟಿಬಿಗೆ ಸಿಬಿನಾಟ್ (ಜೀನ್ ಪರೀಕ್ಷೆ). ಫಾರ್ಮಲಿನ್‌ಗೆ ಬಿದ್ದದ್ದು ಕಲ್ಚರ್‌ಗೆ ಬರಂಗಿಲ್ಲ. ಸಕ್ಕರೆ ಕಾಯಿಲೆ ಇದ್ದು ನಾಲ್ಕಾರು ದಿನದಾಗ ಕಣ್ಣಿಗೆ ಏರ್ತಿದ್ದರೆ ಅದು ಮ್ಯೂಕರಿನ ನಡೆ. ಕೆಒಎಚ್ ಅದೇ ದಿನ ನೋಡಿಸ್ರಿ. ಲಿಂಫೋಮಾ ಸಾಮಾನ್ಯವಾಗಿ ವಾರ, ತಿಂಗಳು ತಗೋತದ.

ಬಯಾಪ್ಸಿಗೆ ಮೊದಲು ಸ್ಟಿರಾಯ್ಡ್ ಮಾತ್ರ ಬ್ಯಾಡವೇ ಬ್ಯಾಡ. ಲಿಂಫೋಮಾ ಇದ್ದರೆ ಊತ ಕೆಲ ದಿನ ಇಳಿದು ಕೋಶ ಸಿಗದಂಗಾಗ್ತದ, ಫಂಗಸ್ ಇದ್ದರೆ ಹಬ್ತದ.

ಉತ್ತರ 2 (ಪ್ಯಾಥಾಲಜಿಸ್ಟ್, ಕಲಬುರಗಿ)
ಮೇಲಿನ ಉತ್ತರಕ್ಕೆ ನನ್ನ ಪೂರ್ತಿ ಸಹಮತ. ತುಣುಕಿನ ಗಾತ್ರದ ಕನಿಷ್ಠ ಹತ್ತು ಪಟ್ಟು 10% ನ್ಯೂಟ್ರಲ್ ಬಫರ್ಡ್ ಫಾರ್ಮಲಿನ್, ತೆಗೆದ ತಕ್ಷಣ. ನಮ್ಮ ಮೇ ತಿಂಗಳ ಸೆಕೆಯಲ್ಲಿ ಗಾಜ್‌ನಲ್ಲಿ ಸುತ್ತಿ ಇಟ್ಟರೆ ಮೊದಲು ಹಾಳಾಗುವುದು ಆರ್‌ಎನ್‌ಎ. ರೋಗನಿರ್ಣಯ ನಿಂತಿರುವುದು ಅದರ ಮೇಲೆಯೇ, ಯಾಕಂದರೆ ಈಬರ್ ಪರೀಕ್ಷೆ ಹುಡುಕುವುದು ಎಪ್‌ಸ್ಟೀನ್-ಬಾರ್ ವೈರಸ್ಸಿನ ಆರ್‌ಎನ್‌ಎಯನ್ನು. ಜಪಾನಿನ ರೋಗಿಗಳ ಗಡ್ಡೆಯಲ್ಲಿ ಈ ವೈರಸ್ 1990ರಲ್ಲಿ ಕಂಡ ಮೇಲೆಯೇ ‘ಲೀಥಲ್ ಮಿಡ್‌ಲೈನ್ ಗ್ರಾನುಲೋಮಾ’ (ಮುಖದ ನಡುಭಾಗ ಕೊಳೆಯುವ ರೋಗಕ್ಕಿದ್ದ ಹಳೆಯ ಹೆಸರು) ಎಂಬ ಗೊಂದಲ ತಿಳಿಯಾಗತೊಡಗಿದ್ದು.

ಫಾರ್ಮಿನಲ್ಲಿ ‘ಎನ್‌ಕೆ/ಟಿ ಲಿಂಫೋಮಾ ಅನುಮಾನ, ಈಬರ್ ಬೇಕು’ ಎಂದು ಸ್ಪಷ್ಟವಾಗಿ ಬರೆಯಿರಿ. ‘ನೇಸಲ್ ಮಾಸ್’ ಎಂದಷ್ಟೇ ಬರೆದರೆ ಯಾರೂ ಆ ದಾರಿ ಹಿಡಿಯುವುದಿಲ್ಲ. ಕೋಶದ ಗುರುತು ಹಿಡಿಯುವ ಪ್ರೋಟೀನ್ ಬಣ್ಣಗಳ ಪ್ಯಾನೆಲ್: ಸಿಡಿ3, ಸಿಡಿ20, ಸಿಡಿ5, ಸಿಡಿ56, ಟಿಐಎ-1, ಗ್ರಾಂಜೈಮ್ ಬಿ, ಕೆಐ-67, ಸೈಟೋಕೆರಾಟಿನ್. ಜೊತೆಗೆ ಫಂಗಸ್‌ಗೆ ಪಿಎಎಸ್, ಜಿಎಂಎಸ್ ಬಣ್ಣ, ಟಿಬಿ-ಕುಷ್ಠಕ್ಕೆ ಆಸಿಡ್-ಫಾಸ್ಟ್.

ಎಡವುವ ಜಾಗಗಳಿವು. ಮೇಲಿನ ಹೊರಪದರ ವಿಪರೀತ ಬೆಳೆದು ಸ್ಕ್ವಾಮಸ್ ಕಾರ್ಸಿನೋಮಾದಂತೆ ಕಾಣಬಹುದು. ಸಣ್ಣ ಕೋಶಗಳ ಜೊತೆ ಪ್ಲಾಸ್ಮಾ ಕೋಶ, ಇಯೋಸಿನೋಫಿಲ್ ಬೆರೆತಿದ್ದರೆ ಬರೀ ಉರಿಯೂತ ಎನಿಸುತ್ತದೆ. ಪ್ಯಾರಾಫಿನ್ ಬ್ಲಾಕ್‌ನಲ್ಲಿ (ಮೇಣದಲ್ಲಿ ಹುದುಗಿಸಿದ ತುಣುಕು) ಸಿಡಿ3 ಪಾಸಿಟಿವ್, ಫ್ಲೋ ಸೈಟೋಮೆಟ್ರಿಯಲ್ಲಿ (ಬಿಡಿ ಕೋಶಗಳ ಪರೀಕ್ಷೆ) ಮೇಲ್ಮೈ ಸಿಡಿ3 ನೆಗೆಟಿವ್ ಬಂದರೆ ಗಾಬರಿ ಬೇಡ. ಬ್ಲಾಕ್‌ನಲ್ಲಿ ಕಾಣುವುದು ಕೋಶದೊಳಗಿನ ಸಿಡಿ3 ಎಪ್ಸಿಲಾನ್ ಸರಪಳಿ. ಟಿ-ಸೆಲ್ ರಿಸೆಪ್ಟರ್ ಜೀನ್ ಪರೀಕ್ಷೆ ನೆಗೆಟಿವ್ ಬಂದರೂ ಲಿಂಫೋಮಾ ತಳ್ಳಿಹಾಕುವಂತಿಲ್ಲ, ಎನ್‌ಕೆ ಕೋಶದಲ್ಲಿ ಆ ಮರುಜೋಡಣೆಯೇ ಇರುವುದಿಲ್ಲ.

ಪ್ರಶ್ನೆ ಕೇಳಿದವರು
ಥ್ಯಾಂಕ್ಸ್ ಮೇಡಂ. ಸಿಡಿ56 ನೆಗೆಟಿವ್ ಬಂದರೆ?

ಪ್ಯಾಥಾಲಜಿಸ್ಟ್
ಸಿಡಿ3, ಟಿಐಎ-1 ಅಥವಾ ಗ್ರಾಂಜೈಮ್ ಬಿ, ಈಬರ್ ಮೂರೂ ಪಾಸಿಟಿವ್ ಇದ್ದರೆ ರೋಗ ಅದೇ. ಈಬರ್ ನೆಗೆಟಿವ್ ಬಂದರೆ ಮಾತ್ರ ತಡೆಯಿರಿ: ಆರ್‌ಎನ್‌ಎ ಉಳಿದಿದೆಯೇ ಎಂದು ಕಂಟ್ರೋಲ್ ಪ್ರೋಬ್‌ನಿಂದ ನೋಡಿಸಿ. ಉಳಿದಿದ್ದೂ ನೆಗೆಟಿವ್ ಆದರೆ ಈ ಹೆಸರು ಹಚ್ಚಬಾರದು. ಬರೀ ಸಿಡಿ56 ನಂಬಬೇಡಿ, ಅದು ಘ್ರಾಣ ನರದ ನ್ಯೂರೋಬ್ಲಾಸ್ಟೋಮಾ ಎಂಬ ಗಡ್ಡೆಯಲ್ಲೂ ಪಾಸಿಟಿವ್ ಬರುತ್ತದೆ.

ಉತ್ತರ 3 (ಆಂಕಾಲಜಿಸ್ಟ್)
ಲಿಂಫೋಮಾ ಅಂದ ಕೂಡಲೇ ಚಾಪ್ (ಲಿಂಫೋಮಾಕ್ಕೆ ವಾಡಿಕೆಯ ಕೀಮೋ) ಶುರು ಮಾಡಬ್ಯಾಡ್ರಿ. ಈ ಕೋಶಗಳ ಪಿ-ಗ್ಲೈಕೋಪ್ರೋಟೀನ್ ಅದರಲ್ಲಿನ ಡಾಕ್ಸೊರುಬಿಸಿನ್, ವಿನ್‌ಕ್ರಿಸ್ಟಿನ್ ಎರಡನ್ನೂ ಹೊರಗೆ ತಳ್ತದ. ಮೂಗು ಮತ್ತು ಆಸುಪಾಸಿಗೆ ಸೀಮಿತವಾದ ರೋಗಕ್ಕೆ ಜಪಾನಿನ ಜೆಸಿಒಜಿ 0211 ಅಧ್ಯಯನದಲ್ಲಿ 50 ಗ್ರೇ ವಿಕಿರಣ, ಅದರ ಜೊತೆಗೇ ಮೂರನೇ ಎರಡು ಪ್ರಮಾಣದ ಡೆವಿಕ್ ಎಂಬ ಕೀಮೋ 3 ಸುತ್ತು ಕೊಟ್ಟರು. 2 ವರ್ಷಕ್ಕೆ 78% ಮಂದಿ ಬದುಕಿದ್ದರು. ಹರಡಿದ್ದರೆ ಆಸ್ಪರಾಜಿನೇಸ್ ಇರುವ ಚಿಕಿತ್ಸೆ ಬೇಕು.

ಮೊದಲ ಡೋಸ್‌ಗಿಂತ ಮುಂಚೆ ಪೆಟ್-ಸಿಟಿ, ಎಲ್‌ಡಿಎಚ್, ಪ್ಲಾಸ್ಮಾದಲ್ಲಿ ಇಬಿವಿ ಡಿಎನ್‌ಎ, ಬೋನ್ ಮ್ಯಾರೋಗೂ ಈಬರ್. ಚರ್ಮ, ವೃಷಣ ಕೈಯಿಂದ ನೋಡ್ರಿ; ಕತ್ತಿನ ಗಂಟು ಇಲ್ಲ ಅಂದಮಾತ್ರಕ್ಕೆ ರೋಗ ಮೂಗಿನಲ್ಲೇ ಅದ ಅಂತಲ್ಲ. ಜ್ವರದ ಜೊತೆ ರಕ್ತಕಣ ಇಳೀತಿದ್ದರೆ ಫೆರಿಟಿನ್, ಫೈಬ್ರಿನೋಜನ್ ಅದೇ ದಿನ, ಹೀಮೋಫ್ಯಾಗೋಸೈಟಿಕ್ ಸಿಂಡ್ರೋಮ್ (ರೋಗನಿರೋಧಕ ಕೋಶಗಳು ಕೆರಳಿ ರಕ್ತಕಣ ನುಂಗುವ ಸ್ಥಿತಿ) ಇರಬಹುದು. ಹುಳುಕು ಹಲ್ಲು ವಿಕಿರಣಕ್ಕೆ ಮೊದಲೇ ಕೀಳಿಸ್ರಿ.

ಬೀದರ್‌ನವರು ಹೈದರಾಬಾದ್‌ಗೆ, ಯಾದಗಿರಿಯವರು ಕಲಬುರಗಿಗೋ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೋ ಹೋಗುವಾಗ ಸ್ಲೈಡ್ ಅಷ್ಟೇ ಅಲ್ಲ, ಬ್ಲಾಕ್ ಕೈಯಲ್ಲಿ ಕೊಡ್ರಿ. ಬಿಸಿಲಿಗೆ ನಿಂತ ಗಾಡಿಯೊಳಗೆ ಇಡಬ್ಯಾಡ್ರಿ ಅಂತಲೂ ಹೇಳ್ರಿ, ಮೇಣ ಮೆತ್ತಗಾಗ್ತದ.