ಮಲೆನಾಡ ಮಳೆ ತಡೆಯುವ ಜಿಯೋಕ್ಯಾಶ್ ಡಬ್ಬ ಯಾವುದು? ನನ್ನದು ಎರಡನೇ ಸಲ ಹಾಳಾಯ್ತು

ಮೂಡಿಗೆರೆ ಮಳೆ:

ನಮಸ್ಕಾರ. ಮೂಡಿಗೆರೆ ಹತ್ತಿರ ನಮ್ಮದು ಐದು ಎಕರೆ ಕಾಫಿ ತೋಟ. ತೋಟದ ತಲೆಯಲ್ಲಿ ಒಂದು ಹಾಸುಬಂಡೆ ಇದೆ. ಜಾಗ ನಮ್ಮದೇ, ಯಾರನ್ನೂ ಕೇಳಬೇಕಿಲ್ಲ ಅಂತ ಎರಡು ವರ್ಷದ ಹಿಂದೆ ಅದರ ಸಂದಿಯಲ್ಲಿ ಜಿಯೋಕ್ಯಾಶ್ ಇಟ್ಟೆ. ಗೊತ್ತಿಲ್ಲದವರಿಗೆ: ಒಂದು ಡಬ್ಬ ಬಚ್ಚಿಟ್ಟು ಅದಿರುವ ಅಕ್ಷಾಂಶ ರೇಖಾಂಶ ನೆಟ್ಟಲ್ಲಿ ಹಾಕುತ್ತೇವೆ. ಬಂದವರು ಜಿಪಿಎಸ್ ಹಿಡಿದು ಹುಡುಕಿ, ಒಳಗಿನ ಪುಸ್ತಕದಲ್ಲಿ ಹೆಸರು ಬರೆದು, ಡಬ್ಬವನ್ನು ಮತ್ತೆ ಅಲ್ಲೇ ಇಟ್ಟು ಹೋಗುತ್ತಾರೆ.

ಮೊದಲು ಇಟ್ಟಿದ್ದು ಉಪ್ಪಿನಕಾಯಿಯ ಖಾಲಿ ಬಾಟಲಿ. ಎಷ್ಟು ತೊಳೆದರೂ ವಾಸನೆ ಹೋಗಿರಲಿಲ್ಲ. ಯಾವುದೋ ಪ್ರಾಣಿ ಮುಚ್ಚಳ ಕಡಿದು ಹಾಕಿತು. ಸರಿ, ಸ್ಟೀಲಿಗೆ ಏನಾಗುತ್ತೆ ಅಂತ ಊಟದ ಡಬ್ಬ ಇಟ್ಟೆ. ಕ್ಲಿಪ್ ಇತ್ತು, ತೆಳ್ಳಗೆ ರಬ್ಬರ್ ರಿಂಗೂ ಇತ್ತು. ಕಳೆದ ಜುಲೈ, ಪುನರ್ವಸು ಮಳೆ ಹಿಡಿದ ಆ ಒಂದು ವಾರಕ್ಕೆ ನಮ್ಮ ರೈನ್ ಗೇಜಲ್ಲಿ 14 ಇಂಚು. ಮಳೆ ಒಂಚೂರು ಬಿಟ್ಟಾಗ ಹತ್ತಿ ನೋಡಿದೆ. ಮುಚ್ಚಳ ಒಳಕ್ಕೆ ಕಚ್ಚಿಕೊಂಡಿತ್ತು. ಚಾಕು ಹಾಕಿ ಮೀಟಿದಾಗ ಪುಸ್ ಅಂತ ಗಾಳಿ ಒಳಗೆ ಹೋಯ್ತು. ಒಳಗೆ ಎರಡು ಬೆರಳು ನೀರು, ಅದೂ ನೀಲಿ! ಬಂದವರೆಲ್ಲ ಜೆಲ್ ಪೆನ್ನಲ್ಲಿ ಬರೆದಿದ್ದರು. ಪುಸ್ತಕ ನೆನೆಸಿದ ಅವಲಕ್ಕಿ ಥರ ಆಗಿತ್ತು. ಹನ್ನೊಂದು ಜನರ ಹೆಸರಲ್ಲಿ ಒಂದನ್ನೂ ಓದೋಕಾಗಲಿಲ್ಲ.

ಆ ಸಂದಿಯಲ್ಲಿ ನೀರು ನಿಲ್ಲಲ್ಲ. ಹಾಗಿದ್ರೆ ಇಷ್ಟು ನೀರು ಎಲ್ಲಿಂದ ಬಂತು? ಹೊರದೇಶದವರು ಮಿಲಿಟರಿ ಗುಂಡಿನ ಪೆಟ್ಟಿಗೆಯೇ ಬೆಸ್ಟ್ ಅಂತಾರೆ, ಅದು ಇಲ್ಲಿ ಸಿಗುತ್ತಾ? ತೋಟದಲ್ಲಿ ಔಷಧಿ ಹೊಡೆದ ಖಾಲಿ ಕ್ಯಾನ್‌ಗಳಿವೆ, ಗಟ್ಟಿ ಪ್ಲಾಸ್ಟಿಕ್. ಅವು ಆಗಬಹುದಾ?

ಜಿಪಿಎಸ್ ಅಕ್ಕ, ಚಿಕ್ಕಮಗಳೂರು:

ಔಷಧಿ ಕ್ಯಾನ್ ಮಾತ್ರ ಬೇಡ ಅಣ್ಣ. ವಿಷದ ಅಂಶ ಪ್ಲಾಸ್ಟಿಕ್ಕಲ್ಲೇ ಹೀರಿಕೊಂಡಿರುತ್ತೆ. ಈ ಆಟಕ್ಕೆ ಮಕ್ಕಳೂ ಬರ್ತಾರೆ, ಆ ಕೈಯಲ್ಲೇ ಬಿಸ್ಕತ್ತು ತಿಂತಾರೆ. ಅವನ್ನು ಮೂರು ಸಲ ತೊಳೆದು, ತೂತು ಮಾಡಿ ವಿಲೇವಾರಿ ಮಾಡಬೇಕು ಅಷ್ಟೇ.

ಆ ಪುಸ್ ಸದ್ದಲ್ಲೇ ನಿಮ್ಮ ಉತ್ತರ ಇದೆ. ಬಿಸಿಲಿಗೆ ಸ್ಟೀಲ್ ಕಾದು ಒಳಗಿನ ಗಾಳಿ ಹಿಗ್ಗುತ್ತೆ, ಸ್ವಲ್ಪ ಹೊರಗೆ ಹೋಗುತ್ತೆ. ಮಳೆ ಬಿದ್ದ ತಕ್ಷಣ ಡಬ್ಬ ತಣ್ಣಗಾಗಿ ಒಳಗಿನ ಒತ್ತಡ ಇಳಿಯುತ್ತೆ. ಆಗ ಮುಚ್ಚಳದ ಅಂಚಲ್ಲಿ ನಿಂತ ನೀರನ್ನು ಡಬ್ಬವೇ ಹೀರಿಕೊಳ್ಳುತ್ತೆ. ದಿನಕ್ಕೆ ನಾಲ್ಕು ಸಲ ಬಿಸಿಲು ಮಳೆ ಆಟ ಆದರೆ ನಾಲ್ಕು ಗುಟುಕು.

ನಾಲ್ಕೂ ಕಡೆ ಕ್ಲಿಪ್ ಇರುವ, ಮುಚ್ಚಳದ ಅಂಚಿನ ಕೊರಕಲಲ್ಲಿ ದಪ್ಪ ಸಿಲಿಕೋನ್ ರಿಂಗ್ ಕೂತಿರುವ ಡಬ್ಬ ತಗೊಳ್ಳಿ. ತಳದಲ್ಲಿ ತ್ರಿಕೋನದೊಳಗೆ 5 ಅಂತಿದ್ದರೆ ಅದು ಪಾಲಿಪ್ರೊಪಿಲೀನ್ ಅನ್ನೋ ಪ್ಲಾಸ್ಟಿಕ್. ಅದರಲ್ಲಿ ಕ್ಲಿಪ್ ಮಡಚುವ ಜಾಗ ಬೇಗ ಮುರಿಯಲ್ಲ, ಆದರೆ ಬಿಸಿಲಿಗೆ ಅದೂ ಸೀಳುತ್ತೆ. ಹೊರಗೆ ಬಟ್ಟೆ ಟೇಪ್ ಸುತ್ತಿ ನೆರಳಲ್ಲಿಡಿ. ರಿಂಗಿನ ಹತ್ತಿರ ಟೇಪ್, ಪೇಂಟ್ ಏನೂ ಬೇಡ. ಮುಚ್ಚಳ ಕೆಳಮುಖವಾಗಿ, ನೆಲಕ್ಕೆ ತಾಗದಂತೆ ಇಟ್ಟರೆ ಅಂಚಲ್ಲಿ ನೀರು ನಿಲ್ಲಲ್ಲ. ಪುಸ್ತಕಕ್ಕೆ ಜಿಪ್ ಕವರ್, ಜೊತೆಗೆ ಪೆನ್ಸಿಲ್. ಪೆನ್ಸಿಲ್ಲಲ್ಲಿ ಬರೆದದ್ದು ನೆನೆದರೂ ಅಳಿಸಲ್ಲ. ಶೂ ಡಬ್ಬದಲ್ಲಿ ಬರುವ ಸಿಲಿಕಾ ಪೊಟ್ಟಣ ನಮ್ಮ ಹವೆಗೆ ಎರಡೇ ಸಲ ತೆರೆಯುವಷ್ಟರಲ್ಲಿ ತುಂಬಿಹೋಗುತ್ತೆ, ಸುಮ್ನೆ ಸಮಾಧಾನಕ್ಕೆ. ಅಕ್ಕಿ ಕಾಳು ಹಾಕಿದರೆ ಇರುವೆಗೆ ಹಬ್ಬ.

ಗುಂಡಿನ ಪೆಟ್ಟಿಗೆ ಸಿಕ್ಕರೂ ಬೇಡ. ರಸ್ತೆ ಬದಿಯಲ್ಲಿ ಅದನ್ನು ಕಂಡವರು ಮೊದಲು ಪೊಲೀಸರಿಗೆ ಫೋನ್ ಮಾಡ್ತಾರೆ. 2000ರ ಮೇ 3ರಂದು ಅಮೆರಿಕದ ಓರೆಗನ್‌ನಲ್ಲಿ ಡೇವ್ ಉಲ್ಮರ್ ಇಟ್ಟ ಮೊಟ್ಟಮೊದಲ ಜಿಯೋಕ್ಯಾಶ್ ಒಂದು ಕಪ್ಪು ಬಕೆಟ್. ಅದನ್ನು ಅರ್ಧ ಹೂತಿದ್ದರು. ಈಗ ಜಾಗದವರ ಒಪ್ಪಿಗೆ ಇಲ್ಲದೆ ಹಾಗೆ ಹೂಳುವಂತಿಲ್ಲ.

ಹಾಸನದ ಪೈಪಣ್ಣ:

ಗೌಡ್ರೇ, ನಾನು ಪ್ಲಂಬಿಂಗ್ ಮಾಡೋನು. ಮೂರಿಂಚಿನ ಪಿವಿಸಿ ಪೈಪ್ ಒಂದಡಿ ಕತ್ತರಿಸಿ. ಒಂದು ಕಡೆ ಎಂಡ್ ಕ್ಯಾಪ್ ಸಲ್ಯೂಷನ್ ಹಾಕಿ ಅಂಟಿಸಿ, ಇನ್ನೊಂದು ಕಡೆ ಥ್ರೆಡ್ ಇರುವ ಕ್ಯಾಪ್, ಥ್ರೆಡ್ಡಿಗೆ ಟೆಫ್ಲಾನ್ ಟೇಪ್. ಹಂದಿ ತುಳಿದರೂ ಏನೂ ಆಗಲ್ಲ.

ಜಿಪಿಎಸ್ ಅಕ್ಕ, ಚಿಕ್ಕಮಗಳೂರು:

ಪೈಪಣ್ಣ, ನೀರು ಹೋಗಲ್ಲ, ಒಪ್ಪಿದೆ. ಆದರೆ ಎರಡೂ ಕಡೆ ಮುಚ್ಚಿದ ಪೈಪ್ ನೋಡಿದವರಿಗೆ ಬಾಂಬ್ ಅನ್ನಿಸಲ್ವಾ ಹೇಳಿ! ಟೆಫ್ಲಾನೂ ಬಂದವರು ಬಿಚ್ಚಿ ಹಾಕಿದಂತೆಲ್ಲ ಕಿತ್ತು ಬರುತ್ತೆ. ಚಿಕ್ಕದು ಸಾಕು ಅಂದರೆ ನೀರು ತುಂಬುವ ಪೆಟ್ ಪ್ಲಾಸ್ಟಿಕ್ ಬಾಟಲಿ ಊದುವ ಮೊದಲಿನ ಪ್ರಿಫಾರ್ಮ್ ನೋಡಿ, ಪರೀಕ್ಷಾ ನಳಿಕೆ ಥರ ಇರುತ್ತೆ. ಅದರ ಗೋಡೆ ಬಾಟಲಿಗಿಂತ ತುಂಬಾ ದಪ್ಪ. ಸುತ್ತಿದ ಚೀಟಿ ಮಾತ್ರ ಹಿಡಿಯುತ್ತೆ.

ಯಾವ ಡಬ್ಬ ಆದರೂ ಮೇಲೆ ಕನ್ನಡದಲ್ಲಿ ‘ಇದು ಆಟದ ಡಬ್ಬ, ಅಪಾಯವಿಲ್ಲ’ ಅಂತ ಬರೆಯಿರಿ. ಇಡುವ ಮೊದಲು ಒಳಗೆ ಟಿಶ್ಯೂ ಹಾಕಿ, ಬಿಸಿಲಲ್ಲಿ ಕಾಯಿಸಿ, ತಕ್ಷಣ ತಣ್ಣೀರಲ್ಲಿ ಮುಳುಗಿಸಿ ಕಲ್ಲು ಹೇರಿ. ಸುಮ್ನೆ ಮುಳುಗಿಸಿದರೆ ಕೆಟ್ಟ ಡಬ್ಬವೂ ಪಾಸಾಗುತ್ತೆ.

ಮೂಡಿಗೆರೆ ಮಳೆ:

ಅಕ್ಕ, ನೀವು ಹೇಳಿದಂತೆ ಮಾಡಿದೆ. ಕೊಯ್ಲು ಮುಗಿದು ಕಣ ಖಾಲಿ ಇತ್ತು. ಮೂರು ಡಬ್ಬ ಮಧ್ಯಾಹ್ನದವರೆಗೂ ಕಣದಲ್ಲಿ ಕಾಯಿಸಿ, ಬಾವಿ ನೀರು ತುಂಬಿದ ಬಕೆಟ್ಟಿಗೆ ಹಾಕಿ, ರಾತ್ರಿಯಿಡೀ ಬಿಟ್ಟೆ. ಹಳೇ ಸ್ಟೀಲ್ ಡಬ್ಬದ ಟಿಶ್ಯೂ ಪೂರ್ತಿ ಮುದ್ದೆ. ಹೊಸದಾಗಿ ತಂದ ಕ್ಲಿಪ್ ಡಬ್ಬದಲ್ಲಿ ಒಂದು ಮೂಲೆ ಒದ್ದೆ. ಕನ್ನಡಕ ಹಾಕಿ ನೋಡಿದರೆ ರಿಂಗಿನ ಮೇಲೆ ಅಡ್ಡಲಾಗಿ ಒಂದು ತಲೆಗೂದಲು! ತೆಗೆದು ಒರೆಸಿ ಮರುದಿನ ಮತ್ತೆ ಕಾಯಿಸಿ ಮುಳುಗಿಸಿದೆ, ಟಿಶ್ಯೂ ಒಣಗಿಯೇ ಇತ್ತು. ಈಗ ಮುಚ್ಚಳದ ಒಳಗಡೆ ‘ಮುಚ್ಚುವ ಮೊದಲು ರಿಂಗ್ ಒರೆಸಿ’ ಅಂತ ಬರೆದಿದ್ದೇನೆ.

ಮೂರನೆಯದಕ್ಕೆ ಮೊದಲ ಸಲವೇ ಒಂದು ಹನಿಯೂ ಹೋಗಿರಲಿಲ್ಲ. ಅದು ನಮ್ಮನೆಯವರು ಕೋಡುಬಳೆ ತುಂಬಿಡುವ ಡಬ್ಬ. ಕೇಳದೆ ತಂದಿದ್ದೆ, ವಾಪಸ್ ಕೊಡಬೇಕಂತೆ.