ಸಹಾಯ ಬೇಕು: 321(3) ಆದೇಶವೇ ಇಲ್ಲದೆ ಸೀಲ್, ಕೆಎಟಿಗೋ (ಕರ್ನಾಟಕ ಮೇಲ್ಮನವಿ ನ್ಯಾಯಮಂಡಳಿ) ಹೈಕೋರ್ಟಿಗೋ?

ಎಲ್ಲರಿಗೂ ನಮಸ್ಕಾರ. 30x40 ಸೈಟು. ಮಂಜೂರಾದ ಪ್ಲಾನ್ ನೆಲ ಮತ್ತು ಎರಡು ಮಹಡಿ, ಎದ್ದಿರೋದು ಮೂರು. ಪಕ್ಕದ ಸೆಟ್‌ಬ್ಯಾಕ್ (ಬಿಡಬೇಕಾದ ಖಾಲಿ ಜಾಗ) 1 ಮೀಟರ್ ಇರಬೇಕಿತ್ತು, ಉಳಿದಿರೋದು ಅರ್ಧ. ತಪ್ಪು ನಮ್ಮದೇ, ಅದರಲ್ಲಿ ವಾದವಿಲ್ಲ.

ಕರ್ನಾಟಕ ಮುನಿಸಿಪಲ್ ಕಾರ್ಪೊರೇಷನ್ ಕಾಯ್ದೆ 1976ರ 321(1) ತಾತ್ಕಾಲಿಕ ಆದೇಶ, 321(2) ಕಾರಣ ಕೇಳಿ ನೋಟಿಸ್ ಎರಡೂ ಬಂದವು. ಪ್ಲಾನ್, ಖಾತೆ, ಅಳತೆ ನಕ್ಷೆ ಲಗತ್ತಿಸಿ ಗಡುವಿನೊಳಗೇ ಉತ್ತರ ಕೊಟ್ಟು, ನಕಲಿನ ಮೇಲೆ ಸ್ವೀಕೃತಿ ಸೀಲ್ ಹಾಕಿಸಿಕೊಂಡಾಗಿದೆ. ಆಮೇಲೆ ಬರಬೇಕಿದ್ದ 321(3) ದೃಢೀಕರಣ ಆದೇಶ ಬರಲೇ ಇಲ್ಲ. ಅಷ್ಟರಲ್ಲಿ ಪಾಲಿಕೆಯವರಿಂದ ಷಟರ್‌ಗೆ ಬೀಗ, ಬಟ್ಟೆ ಸುತ್ತಿ ಅರಗು. ಅಂಟಿಸಿದ ಚೀಟಿಯಲ್ಲಿ 'ಅನಧಿಕೃತ ಕಟ್ಟಡ' ಅಂತಷ್ಟೇ ಇದೆ, ಯಾವ ಸೆಕ್ಷನ್ ಅನ್ನೋದೇ ಇಲ್ಲ. ಬೀಗ ಮುಟ್ಟಿಲ್ಲ (ಮುಟ್ಟಿದರೆ ಕ್ರಿಮಿನಲ್ ಕೇಸು ಬೇರೆ). ಫೋಟೋ ತೆಗೆದಿಟ್ಟು, ಕಡತದ ದೃಢೀಕೃತ ನಕಲಿಗೆ ಆರ್‌ಟಿಐ ಹಾಕಿದ್ದೇವೆ. ಅಕ್ರಮ-ಸಕ್ರಮಕ್ಕೆ (ದಂಡ ಕಟ್ಟಿ ಸಕ್ರಮ ಮಾಡಿಸೋ ಯೋಜನೆ) 2017ರಲ್ಲೇ ಸುಪ್ರೀಂ ಕೋರ್ಟ್ ತಡೆ ಬಿತ್ತು, ಅದನ್ನು ನಂಬಿ ಕೂರೋ ಹಾಗಿಲ್ಲ.

ಸಿಕ್ಕಿಕೊಂಡಿರೋದು ಇಲ್ಲಿ: ಅದೇ ಕಾಯ್ದೆಯ 443ಎ ಕೆಳಗೆ ಕೆಎಟಿ ಮೇಲ್ಮನವಿ 321(3)ರ ಕ್ರಮದ ವಿರುದ್ಧ. ಆದೇಶವೇ ಕೈಲಿಲ್ಲದಾಗ ಯಾವುದನ್ನು ಪ್ರಶ್ನಿಸೋದು? ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟಿಗೆ ರಿಟ್ ಹಾಕಿದರೆ 'ಮೊದಲು ಕೆಎಟಿಗೆ ಹೋಗಿ' ಅಂತ ವಾಪಸ್ ಕಳಿಸಿ, ಅಷ್ಟರಲ್ಲಿ ಕಾಲಮಿತಿ ಮೀರುವ ಭಯ.

ಇಂಥ ಕೇಸು ನಡೆಸಿದ ವಕೀಲರು ಹೇಳಿ: ಸೀಲ್ ಮಾಡಿದ್ದನ್ನೇ '321(3) ಕ್ರಮ' ಅಂತ ತೋರಿಸಿದರೆ ಕೆಎಟಿ ಮೇಲ್ಮನವಿ ತಗೊಂಡು ಮಧ್ಯಂತರ ತಡೆ ಕೊಡುತ್ತಾ, ಇಲ್ಲ ನೇರ ರಿಟ್ಟೇ ಸರಿನಾ?