ಮನೆ ವಿಮೆಯ ‘ಕಂಟೆಂಟ್ಸ್’ಗೆ ಕನ್ನಡದಲ್ಲಿ ಏನನ್ನೋಣ? (ತುರ್ತು)

ಎಲ್ಲರಿಗೂ ನಮಸ್ಕಾರ. ಭಾರತ್ ಗೃಹ ರಕ್ಷಾ ಪಾಲಿಸಿ ಬಗ್ಗೆ ನಮ್ಮ ಬಡಾವಣೆ ಸಂಘದವರು ಕರಪತ್ರ ಹಾಕಿಸುತ್ತಿದ್ದಾರೆ. ನಾಳೆ ಬೆಳಿಗ್ಗೆ ಪ್ರೆಸ್ಸಿಗೆ ಕೊಡಬೇಕು. ಪಾಲಿಸಿಯಲ್ಲಿ ಬಿಲ್ಡಿಂಗ್, ಕಂಟೆಂಟ್ಸ್ (ಮನೆಬಳಕೆಯ ವಸ್ತುಗಳು) ಅಂತ ಎರಡು ಭಾಗ. ಮೊದಲನೆಯದಕ್ಕೆ ‘ಕಟ್ಟಡ’ ಸಾಕು. ಎರಡನೆಯದಕ್ಕೆ ಕರಡಿನಲ್ಲಿ ‘ಚರಾಸ್ತಿ’ ಅಂತಿದೆ, ನನಗೆ ಒಪ್ಪಿಗೆಯಾಗಿಲ್ಲ. ಕಟ್ಟಡಕ್ಕೆ ವಿಮೆ ಮಾಡಿಸಿದರೆ ಆ ಮೊತ್ತದ ಶೇ. 20ರಷ್ಟು, ಹೆಚ್ಚೆಂದರೆ 10 ಲಕ್ಷ ರೂಪಾಯಿವರೆಗೆ, ಈ ಭಾಗಕ್ಕೂ ತಾನಾಗಿಯೇ ಸಿಗುತ್ತದೆ. ಪಟ್ಟಿ ಕೊಡಬೇಕಾಗಿಲ್ಲ. ಜನರಿಗೆ ಗೊತ್ತಾಗಬೇಕಾದ ಸಾಲೇ ಇದು. ಯಾವ ಪದ ಹಾಕಲಿ?

ಧಾರವಾಡದಿಂದ:
‘ಒಳಸರಕು’ ಅನ್ನಿ. ಒಳ, ಸರಕು ಎರಡೂ ಅಚ್ಚಗನ್ನಡ. ಯಾರಾದರೂ ‘ಸಾಮಾನು’ ಅನ್ನುವ ಮೊದಲೇ ಹೇಳಿಬಿಡುತ್ತೇನೆ, ಅದು ಪಾರಸಿ.

ಮಂಗಳೂರಿನಿಂದ:
ಸರಕು ಇರುವುದು ಅಂಗಡಿಯಲ್ಲಿ, ಲಾರಿಯಲ್ಲಿ. ಮನೆಯ ಮಂಚ, ಮಿಕ್ಸಿಯನ್ನು ಯಾರೂ ಸರಕು ಅನ್ನುವುದಿಲ್ಲ. ಸಾಮಾನು ಪಾರಸಿ ಅಂತ ಬಿಡುವುದಾದರೆ ‘ವಿಮೆ’ಯನ್ನೂ ಬಿಡಬೇಕು, ಅದೂ ಪಾರಸಿಯ ‘ಬೀಮಾ’ದಿಂದ ಬಂದದ್ದು. ಆಮೇಲೆ ಕರಪತ್ರದಲ್ಲಿ ಉಳಿಯುವುದೇನು?

ಹಾಸನದಿಂದ:
ಪಾಲಿಸಿ ಕಾಗದವನ್ನು ಒಮ್ಮೆ ಓದಿ, ಆಮೇಲೆ ಪದ ಹುಡುಕೋಣ. ‘ಚರಾಸ್ತಿ’ ಅಂದಕೂಡಲೇ ತಲೆಗೆ ಬರುವುದು ಹಣ, ಒಡವೆ, ಬೈಕು. ಇಲ್ಲಿ ನೋಟು, ನಾಣ್ಯ, ವಾಹನ ಸೇರುವುದಿಲ್ಲ. ಒಡವೆ, ಬೆಳ್ಳಿ ಸಾಮಾನಿಗೆ ಬೇರೆ ಕವರ್ ಇದೆ. ಅದನ್ನು ಕೇಳಿಯೇ ಹಾಕಿಸಿಕೊಳ್ಳಬೇಕು. ಬೀರುವಿನಲ್ಲಿರುವ ಬಳೆಗೂ ವಿಮೆ ಇದೆ ಅಂದುಕೊಂಡವರಿಗೆ ಮನೆಗೆ ನೀರು ನುಗ್ಗಿದ ಮೇಲೆ ‘ಇಲ್ಲ’ ಅಂತ ಗೊತ್ತಾದರೆ? ಆ ತಪ್ಪು ನಮ್ಮ ಪದದ್ದೇ ಆಗುತ್ತದೆ.

‘ಒಳ’ ಕೂಡ ಹೊಂದುವುದಿಲ್ಲ. ಮನೆ ಹೊರಗಿರುವ ಆಂಟೆನಾ ಕಂಟೆಂಟ್ಸ್ ಲೆಕ್ಕಕ್ಕೆ ಬರುತ್ತದೆ. ಗೋಡೆಗೆ ಕೂರಿಸಿದ ಕರೆಂಟಿನ ಉಪಕರಣವೂ ಅಷ್ಟೇ. ಕಾಂಪೌಂಡು, ಗೇಟು, ಸೆಪ್ಟಿಕ್ ಟ್ಯಾಂಕ್ ಮಾತ್ರ ಕಟ್ಟಡದ ಕಡೆ. ‘ಮನೆ ಸಾಮಾನು’ ಅಂತ ಹಾಕಿ, ಪಕ್ಕದಲ್ಲೇ ಟಿವಿ, ಮಂಚ, ಬಟ್ಟೆ, ಅಡುಗೆಮನೆ ಸಲಕರಣೆ ಅಂತ ಬಿಡಿಸಿ ಬರೆಯಿರಿ. ಒಡವೆಗೆ ‘ಬೆಲೆಬಾಳುವ ವಸ್ತು’ ಅಂತ ಬೇರೆ ಸಾಲು ಇರಲಿ.

ಧಾರವಾಡದಿಂದ:
ಎಲ್ಲದಕ್ಕೂ ‘ಜನ ಬಳಸುವುದು ಇದನ್ನೇ’ ಅಂದರೆ ಕನ್ನಡದಲ್ಲಿ ಹೊಸ ಪದ ಹುಟ್ಟುವುದು ಯಾವಾಗ? ಸಾಲ ತಂದೇ ಬದುಕಬೇಕಾ? ವಿಮೆಗೆ ತಮಿಳಿನವರ ಹತ್ತಿರ ‘ಕಾಪ್ಪೀಡು’ ಇದೆ. ನಾವು ಬೀಮಾದ ಬಾಲ ಹಿಡಿದಿದ್ದೇವೆ.

ಮಂಗಳೂರಿನಿಂದ:
ಹೊಸ ಪದ ಹುಟ್ಟಲಿ ಸರ್, ಬೇಡ ಅಂದವರಾರು? ಕಥೆಯಲ್ಲಿ, ಪಾಠದಲ್ಲಿ ಬಳಸಿ ರೂಢಿಗೆ ತನ್ನಿ. ದುಡ್ಡು ಕಟ್ಟುವವರು ಓದುವ ಕಾಗದದ ಮೇಲೆ ಪ್ರಯೋಗ ಬೇಡ. ಸಾಮಾನು ನಮ್ಮ ಅಜ್ಜಿಯೂ ಆಡುತ್ತಿದ್ದ ಮಾತು.

ಕೇಳಿದವರಿಂದ:
ಎಲ್ಲರಿಗೂ ಧನ್ಯವಾದ. ‘ಮನೆ ಸಾಮಾನು’ ಹಾಕಿದೆ. ‘ನಗದು, ವಾಹನ ಸೇರಿಲ್ಲ’ ಅನ್ನುವುದು ದಪ್ಪಕ್ಷರದಲ್ಲಿ ಬರುತ್ತದೆ. ಇನ್ನು ‘ಅಂಡರ್‌ಇನ್ಶೂರೆನ್ಸ್’ ಒಂದು ಉಳಿದಿದೆ. ನಿಜವಾದ ಬೆಲೆಗಿಂತ ಕಮ್ಮಿಗೆ ವಿಮೆ ಮಾಡಿಸಿದ್ದರೂ ಈ ಪಾಲಿಸಿಯಲ್ಲಿ ಆ ಕಾರಣಕ್ಕೆ ಪರಿಹಾರ ಕಡಿತ ಮಾಡುವುದಿಲ್ಲ. ‘ಕೊರೆವಿಮೆ’ ಅಂದರೆ ಅರ್ಥವಾಗುತ್ತದಾ? ಗೊತ್ತಿದ್ದವರು ಇವತ್ತು ರಾತ್ರಿಯೊಳಗೆ ತಿಳಿಸಿ.